ರೆಗ್ಗೆ ಆಲ್ಬಮ್: ಒರಿಜಿನಲ್ ಕೇಳಬೇಕಾ, ರೀಮಿಕ್ಸ್ ಕೇಳಬೇಕಾ? ನೀವೇ ಹೋಲಿಸಿ ನೋಡುವ ಬಗೆ

ಹಾಡು ಕೇಳುವ ಆ್ಯಪ್ ತೆಗೆದು, ಬಾಬ್ ಮಾರ್ಲಿ ಇದ್ದ ಜಮೈಕಾದ ರೆಗ್ಗೆ ತಂಡ ವೇಲರ್ಸ್‌ನ 'ಕ್ಯಾಚ್ ಎ ಫೈರ್' ಹುಡುಕಿ ನೋಡಿ. ಒಂದೇ ಆಲ್ಬಮ್ ಬರುವುದಿಲ್ಲ. ಮಾಮೂಲಿ ಆವೃತ್ತಿ ಒಂದು, ಡಿಲಕ್ಸ್ ಒಂದು, ಡಿಲಕ್ಸ್ ಒಳಗೆ ಅದೇ ಹಾಡು ಎರಡೆರಡು ಸಲ. ಯಾವುದನ್ನು ಒತ್ತಬೇಕು? ಹೊಸಬರು ಇಲ್ಲೇ ತಬ್ಬಿಬ್ಬಾಗುತ್ತಾರೆ. ಹಳಬರನ್ನು ಕೇಳಿದರೆ "ಒರಿಜಿನಲ್ ಕೇಳು, ಉಳಿದದ್ದೆಲ್ಲ ದಂಡ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ರೆಗ್ಗೆಯಲ್ಲಿ ಒರಿಜಿನಲ್ ಯಾವುದು ಅನ್ನುವುದೇ ಅಷ್ಟು ಸುಲಭದ ಪ್ರಶ್ನೆ ಅಲ್ಲ. ಹಾಗಾಗಿ ಯಾರದೋ ತೀರ್ಪು ನಂಬುವ ಬದಲು ನಿಮ್ಮ ಕಿವಿಯಿಂದಲೇ ಹೋಲಿಸುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ದುಬಾರಿ ಸಾಮಾನು ಏನೂ ಬೇಡ. ಒಂದು ಒಳ್ಳೆಯ ಇಯರ್‌ಫೋನ್, ಒಂದು ಭಾನುವಾರ ಬೆಳಗ್ಗೆ ಇದ್ದರೆ ಸಾಕು.

ಮೊದಲು ಈ ನಾಲ್ಕು ಪದ ಗೊತ್ತಿರಲಿ

ರೀಮಾಸ್ಟರ್ ಅಂದರೆ ಮಿಕ್ಸ್ (ವಾದ್ಯ, ದನಿಗಳನ್ನು ಬೆರೆಸಿದ ಹದ) ಅದೇ. ಒಟ್ಟು ಧ್ವನಿಯನ್ನು ಮಾತ್ರ ತಿದ್ದಿರುತ್ತಾರೆ: ಸದ್ದು ಜಾಸ್ತಿ, ಟೇಪಿನ 'ಸ್ಸ್' ಸದ್ದು (ಹಿಸ್) ಕಡಿಮೆ, ಬೇಸ್ ಸ್ವಲ್ಪ ಮೇಲೆ. ರೀಮಿಕ್ಸ್ ಅಂದರೆ ಡ್ರಮ್, ಬೇಸ್, ಗಿಟಾರ್, ದನಿ ಎಲ್ಲ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿರುವ ಟೇಪಿಗೆ ಹಿಂತಿರುಗಿ ಹೋಗಿ ಹೊಸದಾಗಿ ಹದ ಮಾಡುವುದು. ಓವರ್‌ಡಬ್ ಅಂದರೆ ಹಳೆಯ ರೆಕಾರ್ಡಿಂಗ್ ಮೇಲೆ ಹೊಸ ವಾದ್ಯ ಅಥವಾ ಹೊಸ ದನಿ ಸೇರಿಸುವುದು. ಇನ್ನು ಡಬ್. ಅದರಲ್ಲಿ ದನಿಯನ್ನು ಬಹುಪಾಲು ತೆಗೆದು, ಬೇಸ್ ಮತ್ತು ಡ್ರಮ್ ಮುಂದಿಟ್ಟು, ಎಕೋ (ಮರುದನಿ), ರಿವರ್ಬ್ (ದೊಡ್ಡ ಕೋಣೆಯ ಗುಂಯ್ ಅನ್ನುವ ಸದ್ದು) ಹಾಕಿ ಹಾಡನ್ನೇ ಬಿಚ್ಚಿ ಕಟ್ಟುತ್ತಾರೆ. ಪ್ಯಾಕೆಟ್ ಮೇಲೆ ಯಾವ ಪದ ಇದೆ ಅಂತ ಸರಿಯಾಗಿ ಓದಿ. ರೀಮಾಸ್ಟರ್ ಆಗಿದ್ದನ್ನೇ ರೀಮಿಕ್ಸ್ ಅಂದುಕೊಂಡು ಜಗಳ ಆಡುವವರು ಬಹಳ ಜನ.

ಹೆಜ್ಜೆ 1: 'ಒರಿಜಿನಲ್' ಯಾವ ಊರಿನದು ಅಂತ ಕೇಳಿ

ನಿಮಗೆ ಗೊತ್ತಿರುವ 'ನೋ ವುಮನ್, ನೋ ಕ್ರೈ' ಯಾವುದು? ಜನ ಹಿಂದೆ ಹೋ ಅಂತ ಹಾಡುತ್ತಿರುತ್ತಾರಲ್ವಾ, ಅದು 1975ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ನಡೆದ ಕಾರ್ಯಕ್ರಮದ್ದು. ಸ್ಟುಡಿಯೋದಲ್ಲಿ ಹಾಡಿದ್ದು ಅದಕ್ಕೂ ಮೊದಲು, 1974ರ 'ನ್ಯಾಟಿ ಡ್ರೆಡ್' ಆಲ್ಬಮ್‌ನಲ್ಲಿದೆ. ಅದು ಚಿಕ್ಕದು, ಇನ್ನೂ ಚುರುಕು, ಹಿಂದೆ ಡ್ರಮ್ ಮೆಷಿನ್ ಟಿಕ್ ಟಿಕ್ ಅನ್ನುತ್ತಿರುತ್ತದೆ. ಮೊದಲ ಸಲ ಕೇಳಿದವರು ಇದೇ ಯಾವುದೋ ರೀಮಿಕ್ಸ್ ಇರಬೇಕು ಅಂದುಕೊಳ್ಳುತ್ತಾರೆ!

ಜಮೈಕಾದಲ್ಲಿ ಎಷ್ಟೋ ಹಾಡು ಮೊದಲು ಬರುತ್ತಿದ್ದದ್ದು 45ರ ಸಣ್ಣ ತಟ್ಟೆಯಲ್ಲಿ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಗ್ರಾಮಫೋನ್ ರೆಕಾರ್ಡಿನಲ್ಲಿ. ಒಂದು ಕಡೆ ಹಾಡು, ಇನ್ನೊಂದು ಕಡೆ ಅದರ 'ವರ್ಷನ್', ಅಂದರೆ ದನಿ ಇಲ್ಲದ ಅಥವಾ ಅಲ್ಲಲ್ಲಿ ಮಾತ್ರ ದನಿ ಇರುವ ರೂಪ. ಆಮೇಲೆ ಎಲ್‌ಪಿ, ಅಂದರೆ ಪೂರ್ತಿ ಆಲ್ಬಮ್ಮಿನ ದೊಡ್ಡ ತಟ್ಟೆ. ಅದೇ ಟೇಪು ಲಂಡನ್ನಿಗೆ ಹೋದರೆ ಅಲ್ಲೊಂದು ಮಿಕ್ಸ್, ಅಮೆರಿಕಕ್ಕೆ ಹೋದರೆ ಕೆಲವು ಸಲ ಇನ್ನೊಂದು. ಬ್ಲ್ಯಾಕ್ ಉಹುರು ತಂಡದ 'ಆಂಥಮ್' ಇದಕ್ಕೆ ಒಳ್ಳೆಯ ಉದಾಹರಣೆ: 1983ರಲ್ಲಿ ಒಂದು ಮಿಕ್ಸ್ ಬಂತು, 1984ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬೇರೆ ಮಿಕ್ಸ್. ರೆಗ್ಗೆಗೆ ಅಂತ ಕೊಟ್ಟ ಮೊಟ್ಟಮೊದಲ ಗ್ರ್ಯಾಮಿ ಪ್ರಶಸ್ತಿ ಬಂದದ್ದು ಈ ಆಲ್ಬಮ್‌ಗೆ.

ಕೆಲವು ಸಲ ಹೆಸರು ಮಾತ್ರ ಒಂದೇ, ಒಳಗಿನ ಹಾಡುಗಳೇ ಬೇರೆ. ಟೂಟ್ಸ್ ಅಂಡ್ ದಿ ಮೇಟಲ್ಸ್ ಅವರ 'ಫಂಕಿ ಕಿಂಗ್‌ಸ್ಟನ್' 1973ರಲ್ಲಿ ಒಂದು ರೂಪದಲ್ಲಿ ಬಂತು. 1975ರಲ್ಲಿ ಅಮೆರಿಕದಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಹೆಚ್ಚುಕಡಿಮೆ ಸಂಕಲನ. ಮೊದಲಿನದರಿಂದ ಕೆಲವು, 'ಇನ್ ದ ಡಾರ್ಕ್' ಆಲ್ಬಮ್‌ನಿಂದ ಬಹಳಷ್ಟು, ಅದರ ಮೇಲೆ ಹಳೆಯ 'ಪ್ರೆಷರ್ ಡ್ರಾಪ್'. ನನ್ನನ್ನು ಕೇಳಿದರೆ ಆ ಸಂಕಲನವೇ ಜಾಸ್ತಿ ಚೆನ್ನಾಗಿದೆ. ಶುದ್ಧವಾದಿಗಳು ಬೈದುಕೊಳ್ಳಲಿ ಬಿಡಿ.

ಆದ್ದರಿಂದ ಮೊದಲ ಕೆಲಸ, ಹೋಲಿಸುವ ಎರಡು ಆವೃತ್ತಿಗಳ ಮುಂದೆ ಮೂರು ವಿಷಯ ಬರೆದುಕೊಳ್ಳಿ. ಯಾವ ವರ್ಷ, ಯಾವ ದೇಶ, ಮಿಕ್ಸ್ ಮಾಡಿದವರು ಯಾರು. ಇಷ್ಟು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಹೆಜ್ಜೆ 2: 'ಕ್ಯಾಚ್ ಎ ಫೈರ್'ನಿಂದ ಶುರು ಮಾಡಿ

ಹೋಲಿಕೆ ಕಲಿಯಲು ಇದಕ್ಕಿಂತ ಒಳ್ಳೆಯ ಆಲ್ಬಮ್ ಇಲ್ಲ. ಯಾಕೆಂದರೆ ಎರಡು ರೂಪವೂ ಒಟ್ಟಿಗೇ ಸಿಗುತ್ತದೆ. 2001ರ ಡಿಲಕ್ಸ್ ಆವೃತ್ತಿಯಲ್ಲಿ ಮೊದಲ ಡಿಸ್ಕ್ ಪೂರ್ತಿ ಅದುವರೆಗೆ ಹೊರಗೆ ಬಾರದಿದ್ದ ಜಮೈಕಾ ಮಿಕ್ಸ್, ಎರಡನೆಯದು 1973ರಲ್ಲಿ ಅಂಗಡಿಗೆ ಬಂದ ಆಲ್ಬಮ್.

ಕಥೆ ಇಷ್ಟು. ಐಲ್ಯಾಂಡ್ ರೆಕಾರ್ಡ್ಸ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ವೇಲರ್ಸ್‌ಗೆ ಮುಂಗಡ ದುಡ್ಡು ಕೊಟ್ಟು ಕಳಿಸಿದರು. ಬಾಬ್ ಮಾರ್ಲಿ, ಪೀಟರ್ ಟಾಶ್, ಬನ್ನಿ ವೇಲರ್ ಕಿಂಗ್‌ಸ್ಟನ್‌ನಲ್ಲಿ ಹಾಡುಗಳನ್ನು ರೆಕಾರ್ಡ್ ಮಾಡಿದರು. ಮಾರ್ಲಿ ಆ ಟೇಪು ಹಿಡಿದು ಲಂಡನ್ನಿಗೆ ಬಂದರು. ಬ್ಲ್ಯಾಕ್‌ವೆಲ್‌ಗೆ ಬೇಕಿದ್ದದ್ದು ರಾಕ್ ಕೇಳುವ ಬಿಳಿ ಹುಡುಗರೂ ಕೊಂಡುಕೊಳ್ಳುವಂಥ ಆಲ್ಬಮ್. ಬೇಸಿಂಗ್ ಸ್ಟ್ರೀಟ್ ಸ್ಟುಡಿಯೋದಲ್ಲಿ ಅಲಬಾಮಾದ ವೇಯ್ನ್ ಪರ್ಕಿನ್ಸ್ ಅವರಿಂದ ಗಿಟಾರ್, ಟೆಕ್ಸಾಸ್‌ನ ಜಾನ್ 'ರ‍್ಯಾಬಿಟ್' ಬಂಡ್ರಿಕ್ ಅವರಿಂದ ಕೀಬೋರ್ಡ್ ಸೇರಿಸಿದರು. ಪರ್ಕಿನ್ಸ್‌ಗೆ ಅಲ್ಲಿಯವರೆಗೆ ರೆಗ್ಗೆಯ ಪರಿಚಯವೇ ಇರಲಿಲ್ಲ. ಜಮೈಕಾ ಮಿಕ್ಸ್‌ನಲ್ಲಿದ್ದ ಹನ್ನೊಂದು ಹಾಡಿನಲ್ಲಿ ಎರಡನ್ನು ಕೈಬಿಟ್ಟು ಒಂಬತ್ತನ್ನು ಉಳಿಸಿಕೊಂಡರು. ಬಿಟ್ಟದ್ದು 'ಹೈ ಟೈಡ್ ಆರ್ ಲೋ ಟೈಡ್' ಮತ್ತು 'ಆಲ್ ಡೇ ಆಲ್ ನೈಟ್'.

ಈಗ 'ಕಾಂಕ್ರೀಟ್ ಜಂಗಲ್' ಹಾಕಿ. ಮೊದಲು ಜಮೈಕಾ ಮಿಕ್ಸ್. ಆರಾಮಾಗಿ ಕೇಳಿ, ಏನೂ ಹುಡುಕಬೇಡಿ. ಮೂರು ಜನರ ದನಿ ಒಣಗಿದ ಹಾಗಿದೆ, ಹತ್ತಿರದಲ್ಲೇ ಇದೆ. ರಾಬಿ ಶೇಕ್ಸ್‌ಪಿಯರ್ ಅವರ ಬೇಸ್, ಕಾರ್ಲ್ಟನ್ ಬ್ಯಾರೆಟ್ ಅವರ ಡ್ರಮ್, ಇವಿಷ್ಟೇ ಹಾಡನ್ನು ಹೊತ್ತಿವೆ. ನಡುವೆ ಖಾಲಿ ಜಾಗ ಬಹಳ. ಆ ಖಾಲಿ ಜಾಗವನ್ನು ಗಮನಿಸಿ, ಅಲ್ಲೇ ಇರುವುದು ವಿಷಯ.

ಆಮೇಲೆ ಲಂಡನ್ ಮಿಕ್ಸ್. ಶುರುವಿನಲ್ಲಿ ಕೀಬೋರ್ಡು ಗಿಟಾರುಗಳು ಒಂದರ ಮೇಲೊಂದು ಸುತ್ತುತ್ತವೆ, ತಾಳ ಎಲ್ಲಿದೆ ಅಂತ ಒಂದೆರಡು ಕ್ಷಣ ಗೊತ್ತೇ ಆಗುವುದಿಲ್ಲ. ಆಮೇಲೆ ಬೇಸ್ ಬಂದು ಕೂರುತ್ತದೆ. ಹಾಡಿನ ನಡುವೆ ಪರ್ಕಿನ್ಸ್ ಅವರ ಗಿಟಾರ್ ಸೋಲೋ ಮೇಲೇರಿ, ಕೊನೆಯಲ್ಲಿ ಒಂದೇ ಸ್ವರ ಎಳೆದುಕೊಂಡು ನಿಲ್ಲುತ್ತದೆ. ಜಮೈಕಾ ಮಿಕ್ಸ್‌ನಲ್ಲಿ ಈ ಸೋಲೋ ಇಲ್ಲವೇ ಇಲ್ಲ. ಎರಡನ್ನೂ ಕೇಳಿದ ಮೇಲೆ ನನಗೆ ಲಂಡನ್ನಿನದೇ ಇಷ್ಟ, ಈ ಒಂದು ಹಾಡಿನ ಮಟ್ಟಿಗೆ. ಆ ಸೋಲೋ ಹಾಡಿನ ದುಃಖಕ್ಕೆ ಹೊರಗಿನದು ಅನ್ನಿಸುವುದಿಲ್ಲ. ಆದರೆ ಟಾಶ್ ಹಾಡಿರುವ '400 ಇಯರ್ಸ್' ಹಾಕಿ ನೋಡಿ, ಅಲ್ಲಿ ಹೆಚ್ಚು ಬಟ್ಟೆ ತೊಡಿಸದ ಕಿಂಗ್‌ಸ್ಟನ್ ಮಿಕ್ಸ್‌ಗೇ ನನ್ನ ಓಟು.

'ಸ್ಟಿರ್ ಇಟ್ ಅಪ್' ಇನ್ನೂ ತಮಾಷೆ. ಜಮೈಕಾ ಮಿಕ್ಸ್ ಮೂರೂವರೆ ನಿಮಿಷದ ಆಸುಪಾಸು. ಬಿಡುಗಡೆ ಆದದ್ದು ಐದೂವರೆ. ಒಂದೇ ಪ್ರೀತಿಯ ಹಾಡು, ಆದರೆ ಒಂದು ರೇಡಿಯೋಗೆ, ಇನ್ನೊಂದು ರಾತ್ರಿ ದೀಪ ಆರಿಸಿ ಕೂತು ಕೇಳುವುದಕ್ಕೆ.

ಹೆಜ್ಜೆ 3: ಕಿವಿಗೆ ಮೋಸ ಆಗದ ಹಾಗೆ ಹೋಲಿಸಿ

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಹೋಲಿಕೆ ಹಾಳಾಗುವುದೇ ಇಲ್ಲಿ. ಸದ್ದು ಸ್ವಲ್ಪ ಜಾಸ್ತಿ ಇದ್ದರೆ ಸಾಕು, ಕಿವಿ ಅದನ್ನೇ 'ಚೆನ್ನಾಗಿದೆ' ಅನ್ನುತ್ತದೆ. ಹೊಸ ರೀಮಾಸ್ಟರ್‌ಗಳು ಸಾಮಾನ್ಯವಾಗಿ ಜೋರು. ಹಾಗಾಗಿ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ನಾರ್ಮಲೈಸ್ ಅನ್ನುವುದಿದ್ದರೆ ಆನ್ ಮಾಡಿ. ಇಲ್ಲದಿದ್ದರೆ ಹಾಡುಗಾರನ ದನಿ ಎರಡರಲ್ಲೂ ಒಂದೇ ಎತ್ತರದಲ್ಲಿ ಕೇಳುವ ಹಾಗೆ ನೀವೇ ಹೊಂದಿಸಿ. ಈಕ್ವಲೈಸರ್, ಬೇಸ್ ಬೂಸ್ಟ್, ಕ್ರಾಸ್‌ಫೇಡ್ ಎಲ್ಲ ಆಫ್.

ಫೋನಿನ ಸ್ಪೀಕರ್‌ನಲ್ಲಿ ರೆಗ್ಗೆ ಹೋಲಿಸಬೇಡಿ, ದಯವಿಟ್ಟು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್ ಹತ್ತಿರ ಮಿಡಿಯುತ್ತದೆ. ಫೋನಿನ ಸ್ಪೀಕರ್ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಬೇಸ್ ಕೇಳಿಸದಿದ್ದರೆ ರೆಗ್ಗೆಯಲ್ಲಿ ಉಳಿಯುವುದು ಗಿಟಾರಿನ ಚಕ್ ಚಕ್ ಮಾತ್ರ.

ಪೂರ್ತಿ ಆಲ್ಬಮ್ ಕೇಳಿ ಆಮೇಲೆ ಇನ್ನೊಂದು ಆಲ್ಬಮ್ ಕೇಳುವುದೂ ಬೇಡ. ಅಷ್ಟು ಹೊತ್ತಿಗೆ ಮೊದಲಿನದು ಮರೆತಿರುತ್ತದೆ. ಒಂದು ಹಾಡಿನ ಮೊದಲ ಚರಣ ಮಾತ್ರ, ಅದರಲ್ಲೂ ಒಂದು ಸಲಕ್ಕೆ ಒಂದೇ ವಾದ್ಯ. ಮೊದಲು ಬೇಸ್ ಮಾತ್ರ ಹಿಂಬಾಲಿಸಿ: ದಪ್ಪಗಿದೆಯಾ, ಹಿಂದೆ ಸರಿದಿದೆಯಾ? ಆಮೇಲೆ ಡ್ರಮ್. ರೆಗ್ಗೆಯ ಮಾಮೂಲಿ ತಾಳವಾದ ಒನ್ ಡ್ರಾಪ್‌ನಲ್ಲಿ ಮೊದಲ ಪೆಟ್ಟು ಖಾಲಿ, ಒತ್ತು ಬೀಳುವುದು ಮೂರನೆಯದಕ್ಕೆ. ಆ ಪೆಟ್ಟು ಎದೆಗೆ ತಾಗುತ್ತದಾ ಅಥವಾ ಮೇಲೆಯೇ ತೇಲಿ ಹೋಗುತ್ತದಾ ನೋಡಿ. ಆಮೇಲೆ ದನಿಗೆ ಸುತ್ತಿದ ರಿವರ್ಬ್. ಕೊನೆಗೆ ಒಂದು ಆವೃತ್ತಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ವಾದ್ಯ.

ಹೆಜ್ಜೆ 4: ವೇಗ ಅಳೆಯಿರಿ

ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಬರ್ನಿಂಗ್ ಸ್ಪಿಯರ್ ಅವರ 1975ರ 'ಮಾರ್ಕಸ್ ಗಾರ್ವಿ' ಆಲ್ಬಮ್ ಗೊತ್ತಿರುವವರಿಗೆ ಯಾಕೆ ಅಂತ ತಕ್ಷಣ ಹೊಳೆಯುತ್ತದೆ. ಇದನ್ನು ಮಾಡಿದ್ದು ಓಚೋ ರಿಯೋಸ್‌ನ ನಿರ್ಮಾಪಕ ಜ್ಯಾಕ್ ರೂಬಿ. ಸ್ಪಿಯರ್, ಅಂದರೆ ವಿನ್‌ಸ್ಟನ್ ರಾಡ್ನಿ, ಹುಟ್ಟಿದ್ದು ಸೇಂಟ್ ಆ್ಯನ್ಸ್ ಬೇಯಲ್ಲಿ. ಕಪ್ಪು ಜನರ ಹಕ್ಕಿಗೆ ಹೋರಾಡಿದ ನಾಯಕ ಮಾರ್ಕಸ್ ಗಾರ್ವಿ ಹುಟ್ಟಿದ್ದೂ ಅದೇ ಊರಲ್ಲಿ. ಅಂದರೆ ಇದು ಅವರಿಗೆ ಮನೆಯ ಮಾತು, ಸುಮ್ನೆ ಒಂದು ವಿಷಯ ಹಿಡಿದು ಬರೆದ ಹಾಡಲ್ಲ. ಐಲ್ಯಾಂಡ್ ಇದನ್ನು ಹೊರದೇಶದ ಕಿವಿಗೆ ಅಂತ ರೀಮಿಕ್ಸ್ ಮಾಡಿತು, ಕೆಲವು ಹಾಡುಗಳ ಟೇಪನ್ನು ಸ್ವಲ್ಪ ವೇಗವಾಗಿ ಓಡಿಸಿತು. ಸ್ಪಿಯರ್‌ಗೆ ಇದು ಹಿಡಿಸಲಿಲ್ಲ. ಮುಂದೆ ತಮ್ಮದೇ ಲೇಬಲ್ ಶುರು ಮಾಡಿದರು. 'ಕ್ಯಾಚ್ ಎ ಫೈರ್'ಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ ನೋಡಿ. ಅಲ್ಲಿ ಮಾರ್ಲಿ ಲಂಡನ್ನಿನಲ್ಲಿ ಸ್ವತಃ ಇದ್ದರು, ಬದಲಾವಣೆ ಅವರ ಕಣ್ಣೆದುರೇ ನಡೆಯಿತು. ಇಲ್ಲಿ ಹಾಡಿದವರ ಮನಸ್ಸು ಕೇಳಿದವರಿಲ್ಲ.

ಟೇಪು ವೇಗ ಮಾಡಿದರೆ ಹಾಡು ಬೇಗ ಮುಗಿಯುವುದು ಮಾತ್ರ ಅಲ್ಲ, ಶ್ರುತಿಯೂ ಏರುತ್ತದೆ. ಸುಮಾರು ಶೇ. 6ರಷ್ಟು ವೇಗವಾದರೆ ಶ್ರುತಿ ಅರ್ಧ ಮನೆ ಏರಿರುತ್ತದೆ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ, ಅಥವಾ ಫೋನಿನಲ್ಲಿ ಟ್ಯೂನರ್ ಆ್ಯಪ್ ಇದ್ದರೆ, ಎರಡು ಆವೃತ್ತಿಯ ಷಡ್ಜ ಹಿಡಿದು ನೋಡಿ. ಹಾಡಿನ ಒಟ್ಟು ಅವಧಿಯನ್ನು ಮಾತ್ರ ನಂಬಬೇಡಿ, ಯಾಕೆಂದರೆ ಕೊನೆಯ ಫೇಡ್ ಒಂದರಲ್ಲಿ ಬೇಗ ಇರಬಹುದು, ಇನ್ನೊಂದರಲ್ಲಿ ತಡ. ಅದರ ಬದಲು ಮೊದಲ ಚರಣದ ಮೊದಲ ಪದದಿಂದ ಎರಡನೇ ಪಲ್ಲವಿಯ ಮೊದಲ ಪದದವರೆಗೆ ಸ್ಟಾಪ್‌ವಾಚ್ ಹಿಡಿಯಿರಿ. ಒಂದರಲ್ಲಿ 100 ಸೆಕೆಂಡು, ಇನ್ನೊಂದರಲ್ಲಿ 97 ಬಂತು ಅನ್ನಿ. ಅಲ್ಲಿಗೆ ಶೇ. 3ರಷ್ಟು ವೇಗ. ಕೇಳಲು ಏನೂ ಅಲ್ಲ ಅನ್ನಿಸುವ ಸಂಖ್ಯೆ, ಆದರೆ ಸ್ಪಿಯರ್ ಅವರ ಧ್ಯಾನದಂಥ ಹಾಡಿಗೆ ಅಷ್ಟೇ ಸಾಕು, ಭಾರ ಹೋಗಿ ಚುರುಕು ಬಂದುಬಿಡುತ್ತದೆ.

ನಮ್ಮಲ್ಲಿ ಹಳೆಯ ಹಿಂದಿ ಹಾಡುಗಳಿಗೆ ಮೇಲಿಂದ ಢಮಢಮ ಸೇರಿಸಿ 'ಝಂಕಾರ್ ಬೀಟ್ಸ್' ಅಂತ ಕ್ಯಾಸೆಟ್ ಮಾರುತ್ತಿದ್ದರಲ್ಲ, ಅದನ್ನು ಕೇಳಿ ಬೆಳೆದವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ.

ಐಲ್ಯಾಂಡ್ 1976ರಲ್ಲಿ ಇದೇ ಆಲ್ಬಮ್‌ನ ಡಬ್ ರೂಪವನ್ನು 'ಗಾರ್ವೀಸ್ ಘೋಸ್ಟ್' ಹೆಸರಿನಲ್ಲಿ ತಂದಿತು. ಡಬ್ ಅಂತ ನೋಡಿದರೆ ತೀರಾ ಸಾಧು. ಆದರೂ ಬೇಸ್ ಏನು ನುಡಿಸುತ್ತಿದೆ ಅಂತ ತಿಳಿಯಬೇಕಾದರೆ ಇದು ಉಪಯೋಗಕ್ಕೆ ಬರುತ್ತದೆ. ಮೊದಲು ಇದನ್ನು ಕೇಳಿ ಆಮೇಲೆ ಹಾಡು ಕೇಳಿದರೆ ಬೇಸ್ ತಾನಾಗೇ ಮುಂದೆ ಬರುತ್ತದೆ.

ಹೆಜ್ಜೆ 5: ಡಬ್ ಅನ್ನು ರೀಮಿಕ್ಸ್ ಜೊತೆ ಒಂದೇ ಬುಟ್ಟಿಗೆ ಹಾಕಬೇಡಿ

'ರೀಮಿಕ್ಸ್ ಅಂದರೆ ಕಲಬೆರಕೆ' ಅನ್ನುವ ಮಾತು ಜಮೈಕಾದಲ್ಲಿ ನಡೆಯುವುದಿಲ್ಲ. 1960ರ ದಶಕದ ಕೊನೆಯಲ್ಲಿ ಸ್ಪ್ಯಾನಿಷ್ ಟೌನ್‌ನಲ್ಲಿ ಸೌಂಡ್ ಸಿಸ್ಟಮ್ (ದೊಡ್ಡ ಸ್ಪೀಕರ್ ಇಟ್ಟು ಜನರಿಗೆ ಹಾಡು ಹಾಕುವ ಕುಣಿತದ ಕೂಟ) ನಡೆಸುತ್ತಿದ್ದ ರಡ್ಡಿ ರೆಡ್‌ವುಡ್ ಅವರಿಗೆ ಡ್ಯೂಕ್ ರೀಡ್ ಸ್ಟುಡಿಯೋದಲ್ಲಿ ಒಂದು ತಟ್ಟೆ ಕೊರೆದು ಕೊಡುವಾಗ ದನಿಯ ಟ್ರ್ಯಾಕ್ ಹಾಕಲು ಮರೆತರಂತೆ. ಆ ರಾತ್ರಿ ಅದನ್ನೇ ಹಾಕಿದಾಗ ನೆರೆದ ಜನ ತಾವೇ ಹಾಡಿದರಂತೆ. ಕಥೆಯಲ್ಲಿ ಉಪ್ಪುಖಾರ ಎಷ್ಟು ಸೇರಿದೆಯೋ, 'ವರ್ಷನ್' ಅನ್ನುವುದು ಮುಂದೆ ಅಲ್ಲಿನ ರೂಢಿಯೇ ಆಯಿತು.

ಅದನ್ನು ಕಲೆ ಮಾಡಿದವರು ಕಿಂಗ್ ಟಬ್ಬಿ, ಅಂದರೆ ಆಸ್‌ಬೋರ್ನ್ ರಡಕ್. ವೃತ್ತಿಯಿಂದ ರೇಡಿಯೋ ರಿಪೇರಿ ಗೊತ್ತಿದ್ದವರು. ಕಿಂಗ್‌ಸ್ಟನ್‌ನ ವಾಟರ್‌ಹೌಸ್‌ನಲ್ಲಿ ಮನೆಯಲ್ಲೇ ಪುಟ್ಟ ಸ್ಟುಡಿಯೋ. ಇಡೀ ಬ್ಯಾಂಡ್ ಕೂರಿಸುವಷ್ಟು ಜಾಗ ಇರಲಿಲ್ಲ. ಡೈನಮಿಕ್ ಸೌಂಡ್ಸ್ ಸ್ಟುಡಿಯೋದಿಂದ ಬಂದ ಹಳೆಯ ಎಂಸಿಐ ಮಿಕ್ಸರ್ ಇತ್ತು, ನಾಲ್ಕು ಟ್ರ್ಯಾಕ್‌ನದು. ಅದರಲ್ಲಿದ್ದ ಒಂದು ಹೈಪಾಸ್ ಫಿಲ್ಟರ್ ಅನ್ನು ತಿರುಗಿಸಿದರೆ ಕೆಳಗಿನ ಸದ್ದೆಲ್ಲ ಜರಡಿಯಾಗಿ ಡ್ರಮ್ ಸಿಂಬಲ್ 'ಸ್ಸ್ಸ್' ಅಂತ ಮೇಲೇರಿ ಹೋಗುತ್ತದೆ. ಟಬ್ಬಿ ಅದನ್ನು ಹಾಡು ಓಡುತ್ತಿರುವಾಗಲೇ ಕೈಯಲ್ಲಿ ತಿರುಗಿಸುತ್ತಿದ್ದರು. ಆಗಸ್ಟಸ್ ಪಾಬ್ಲೊ ಅವರ 1976ರ 'ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್' ಕೇಳಿ, ಆ ತಿರುಗಣೆ ಎಲ್ಲಿ ಕೆಲಸ ಮಾಡುತ್ತಿದೆ ಅಂತ ಗುರುತಿಸಿ. ಅಲ್ಲಿ ಮಿಕ್ಸರ್ ಮುಂದೆ ಕೂತವರೂ ಒಬ್ಬ ವಾದ್ಯಗಾರರೇ.

ಹಾಗಾಗಿ ಕೇಳಬೇಕಾದ ಪ್ರಶ್ನೆ 'ಬದಲಿಸಿದ್ದಾರಾ' ಅನ್ನುವುದಲ್ಲ. ಬದಲಿಸಿದವರು ಆ ಸಂಗೀತದ ಒಳಗಿನವರಾ, ಹಾಡಿದವರ ಒಪ್ಪಿಗೆ ಇತ್ತಾ, ಯಾರ ಕಿವಿಗೆ ಅಂತ ಬದಲಿಸಿದರು, ಇದನ್ನು ಕೇಳಿ.

ಹೆಜ್ಜೆ 6: ದುಡ್ಡು ಕೊಡುವ ಮೊದಲು

ಮಾರ್ಲಿ ತೀರಿಕೊಂಡದ್ದು 1981ರ ಮೇನಲ್ಲಿ. ಅದೇ ವರ್ಷ 'ಚಾನ್ಸಸ್ ಆರ್' ಅಂತ ಒಂದು ಆಲ್ಬಮ್ ಬಂತು. 1970ರ ಆಚೀಚೆಯ ಹಳೆಯ ರೆಕಾರ್ಡಿಂಗ್‌ಗಳ ಮೇಲೆ ಹೊಸ ವಾದ್ಯ ಸೇರಿಸಿ ಮಾಡಿದ್ದು. ಕಲಾವಿದ ಹೋದ ಮೇಲೆ ಓವರ್‌ಡಬ್ ಮಾಡಿದ ಇಂಥವನ್ನು ಕುತೂಹಲಕ್ಕೆ ಕೇಳಿ, ಮೊದಲ ಪರಿಚಯಕ್ಕೆ ಬೇಡ. 1984ರ 'ಲೆಜೆಂಡ್' ಸಂಕಲನಕ್ಕೂ ಆ ಕಾಲದ ರೀಮಿಕ್ಸ್‌ಗಳಿವೆ, 2002ರ ಡಿಲಕ್ಸ್‌ನ ಎರಡನೇ ಡಿಸ್ಕ್‌ನಲ್ಲಿ ಸಿಗುತ್ತವೆ. ಎಂಬತ್ತರ ದಶಕದ ಡ್ರಮ್ ಸದ್ದು ಹೇಗಿತ್ತು ಅಂತ ತಿಳಿಯಲು ಚೆನ್ನಾಗಿವೆ, ಅಷ್ಟೇ. 1999ರ 'ಚಾಂಟ್ ಡೌನ್ ಬ್ಯಾಬಿಲಾನ್' ಮಗ ಸ್ಟೀಫನ್ ಮಾರ್ಲಿ ಹಿಪ್‌ಹಾಪ್ ಕಲಾವಿದರನ್ನು ಕೂಡಿಸಿ ಮಾಡಿದ್ದು. ಅದು ರೀಮಿಕ್ಸ್ ಅಂತ ಬಾಯಿಬಿಟ್ಟು ಹೇಳುತ್ತದೆ, ಹಾಗಾಗಿ ಅದರ ಮೇಲೆ ನನಗೆ ತಕರಾರಿಲ್ಲ.

ಹೆಸರು ಬದಲಿಸಿದ ಆಲ್ಬಮ್‌ಗಳ ಬಗ್ಗೆಯೂ ಹುಷಾರು. ಬ್ಲ್ಯಾಕ್ ಉಹುರು 1977ರಲ್ಲಿ ತಂದ 'ಲವ್ ಕ್ರೈಸಿಸ್' ಮುಂದೆ ರೀಮಿಕ್ಸ್ ಆಗಿ 'ಬ್ಲ್ಯಾಕ್ ಸೌಂಡ್ಸ್ ಆಫ್ ಫ್ರೀಡಮ್' ಆಯಿತು. ಎರಡು ಬೇರೆ ಆಲ್ಬಮ್ ಅಂತ ಎರಡಕ್ಕೂ ದುಡ್ಡು ಕೊಡಬೇಡಿ, ಹೋಲಿಸಲೆಂದೇ ಬೇಕಾದರೆ ಸರಿ.

ತಟ್ಟೆ ಕೊಳ್ಳುವವರಿಗೆ: ಹೊದಿಕೆ ನೋಡಿ ತೀರ್ಮಾನ ಮಾಡಬೇಡಿ. ತಟ್ಟೆಯ ನಡುವೆ, ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ, ಕೆತ್ತಿದ ಮ್ಯಾಟ್ರಿಕ್ಸ್ ನಂಬರ್ ಇರುತ್ತದೆ. ಮಾರುವವರಿಂದ ಅದರ ಫೋಟೋ ತರಿಸಿಕೊಂಡು ಡಿಸ್ಕಾಗ್ಸ್ ಅನ್ನುವ ರೆಕಾರ್ಡ್ ಪಟ್ಟಿಯ ವೆಬ್‌ಸೈಟ್‌ನಲ್ಲಿ ತಾಳೆ ನೋಡಿ. ಯಾವ ದೇಶದ, ಯಾವ ವರ್ಷದ ಪ್ರೆಸ್ಸಿಂಗ್ ಅಂತ ಬಹುಮಟ್ಟಿಗೆ ಗೊತ್ತಾಗುತ್ತದೆ. ಜಮೈಕಾದಲ್ಲಿ ಒತ್ತಿದ ಹಳೆಯ ತಟ್ಟೆಗಳಲ್ಲಿ ಚಟಪಟ ಸದ್ದು, ನಡುವಿನ ತೂತು ಸ್ವಲ್ಪ ಓರೆ, ಇವೆಲ್ಲ ಮಾಮೂಲಿ. ಮಿಕ್ಸ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ಸಹಿಸುವ ತಾಳ್ಮೆ ಬೇಕು. ಹೊರದೇಶದಿಂದ ತರಿಸಿದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿ ತಟ್ಟೆಗಿಂತ ಅದೇ ಜಾಸ್ತಿ ಆಗಬಹುದು, ಮೊದಲೇ ಲೆಕ್ಕ ಹಾಕಿ. ಇನ್ನೊಂದು ಮಾತು. 'ಕ್ಯಾಚ್ ಎ ಫೈರ್'ನ ಮೊದಲ ಕಂತು ಜಿಪ್ಪೊ ಲೈಟರ್ ಆಕಾರದ, ಮುಚ್ಚಳ ತೆರೆಯುವ ಹೊದಿಕೆಯಲ್ಲಿ ಬಂದಿತ್ತು. ಸಂಗ್ರಾಹಕರು ಅದಕ್ಕೆ ಸಿಕ್ಕಾಪಟ್ಟೆ ಬೆಲೆ ಕೊಡುತ್ತಾರೆ. ಒಳಗಿರುವುದು ಲಂಡನ್ ಮಿಕ್ಸೇ. ಜಮೈಕಾ ಮಿಕ್ಸ್ ಬೇಕು ಅಂತ ಅದನ್ನು ಕೊಂಡರೆ ಕೈಗೆ ಸಿಗುವುದು ಒಂದು ಚೆಂದದ ಲೈಟರ್ ಮಾತ್ರ.

ಇಷ್ಟೆಲ್ಲ ಮಾಡಿ ಕಿವಿ ಪಳಗಿದ ಮೇಲೆ ಕಾಂಗೋಸ್ ತಂಡದ 'ಹಾರ್ಟ್ ಆಫ್ ದಿ ಕಾಂಗೋಸ್'ಗೆ ಹೋಗಿ. 1977ರದ್ದು, ನಿರ್ಮಾಪಕ ಲೀ ಪೆರ್ರಿ ತಮ್ಮ ಬ್ಲ್ಯಾಕ್ ಆರ್ಕ್ ಸ್ಟುಡಿಯೋದಲ್ಲಿ ಮಾಡಿದ್ದು. ಇಲ್ಲಿ ಲಂಡನ್ನಿನ ಕೈವಾಡ ಏನೂ ಇಲ್ಲ. ಮೊದಲ ಮಿಕ್ಸ್ ಪೆರ್ರಿಯದೇ, ಅದನ್ನು ಬದಲಿಸಿದ್ದೂ ಪೆರ್ರಿಯೇ. ಬಹುಕಾಲ ಜನ ಕೇಳುತ್ತಾ ಬಂದದ್ದು ಎರಡನೆಯದನ್ನು. ಮೊದಲ ಮಿಕ್ಸ್ ಕೂಡ ಸೇರಿಸಿ 2017ರಲ್ಲಿ ನಲವತ್ತನೇ ವರ್ಷದ ಆವೃತ್ತಿ ಬಂತು. 'ಫಿಶರ್‌ಮ್ಯಾನ್' ಹಾಡಿನಿಂದ ಶುರು ಮಾಡಿ. ಮೊದಲು ಬೇಸ್, ಆಮೇಲೆ ಸೆಡ್ರಿಕ್ ಮೈಟನ್ ಅವರ ಕೀರಲು ದನಿಗೆ ಸುತ್ತಿದ ಎಕೋ. ಯಾವುದು ಒರಿಜಿನಲ್ ಅಂತ ಆಗ ಹೇಳಿ ನೋಡೋಣ.